ಆ ತುದಿಗೆ ಯಾರು ಹೇಳಿದರು?

"ಮಾಮ, ಈ ತುದಿಯಲ್ಲಿ ಕವಲು ಒಡೆದದ್ದು ಆ ತುದಿಗೆ ಹೇಗೆ ಗೊತ್ತಾಯಿತು?"

ಅಕ್ಕನ ಮಗಳ ಈ ಪ್ರಶ್ನೆ ಭಾನುವಾರದಿಂದ ನನ್ನ ತಲೆ ತಿನ್ನುತ್ತಿದೆ. ಮೊಬೈಲಿನಲ್ಲಿ ಹಿಮಹರಳಿನ ಚಿತ್ರವೊಂದನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಒಂದು ಕೈಯ ಕವಲುಗಳನ್ನು ಎಣಿಸಿ, ಎದುರಿನ ಕೈಯದನ್ನೂ ಎಣಿಸಿ, ತಾಳೆ ನೋಡಿದ ಮೇಲೆ ಕೇಳಿದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಪತ್ರಿಕೆಯಿಂದ ತಲೆ ಎತ್ತದೆಯೇ, "ಎಲ್ಲ ದೇವರ ಲೆಕ್ಕಾಚಾರ, ಪುಟ್ಟಿ" ಎಂದುಬಿಟ್ಟರು. ಭಾವ ಒಳ್ಳೆಯವರು. ಆದರೆ ಪ್ರಶ್ನೆಯೊಂದು ಮನೆಯಲ್ಲಿ ಎರಡು ನಿಮಿಷ ನಿಂತರೂ ಅವರಿಗೆ ಕಸಿವಿಸಿ.

"ಗೊತ್ತಾಗಿಯೇ ಇಲ್ಲ" ಎಂದೆ. "ಒಂದು ಕೈಗೆ ಇನ್ನೊಂದರ ಸುದ್ದಿಯೇ ಇಲ್ಲ."

"ಸುದ್ದಿಯಿಲ್ಲದೆ ಇಷ್ಟು ಸರಿಯಾಗಿ ಹೇಗೆ?"

ಹರಳಿಗೆ ಆರು ಕೈ ಏಕೆ ಎಂಬ ಲೆಕ್ಕವನ್ನು ಮೊದಲು ತೀರಿಸಿದೆ. ಮೋಡದೊಳಗೆ ಧೂಳಿನ ಕಣವೊಂದರ ನೆಪದಲ್ಲಿ ಹನಿ ಹೆಪ್ಪುಗಟ್ಟಿದಾಗ ನೀರಿನ ಅಣುಗಳು ಆರು ಮೂಲೆಯ ಜಾಲವಾಗಿ ಜೋಡಿಕೊಳ್ಳುತ್ತವೆ. ಆರೇ ಏಕೆ, ಐದೋ ಏಳೋ ಏಕಾಗಬಾರದು ಎಂದು 1611ರಲ್ಲಿ ಖಗೋಳಶಾಸ್ತ್ರಜ್ಞ ಕೆಪ್ಲರ್ ಒಂದು ಪುಟ್ಟ ಪುಸ್ತಕವನ್ನೇ ಬರೆದ. ಕೊನೆಗೆ ಉತ್ತರ ಹುಡುಕುವ ಹೊಣೆಯನ್ನು ರಸಾಯನಶಾಸ್ತ್ರಜ್ಞರಿಗೆ ದಾಟಿಸಿದ. ಎಕ್ಸ್-ಕಿರಣಗಳು ಹರಳಿನ ಒಳಗನ್ನು ತೋರಿಸುವ ಹೊತ್ತಿಗೆ ಮುನ್ನೂರು ವರ್ಷ ಕಳೆದಿತ್ತು.

ಆಮೇಲೆ ಕೈಗಳ ವಿಷಯ. ಮೊದಲಿಗೆ ಹರಳು ಕಣ್ಣಿಗೆ ಕಾಣದಷ್ಟು ಚಿಕ್ಕ ಷಟ್ಕೋನದ ಬಿಲ್ಲೆ. ಅದರ ಮೂಲೆಗಳು ಸುತ್ತಲಿನ ಆವಿಯೊಳಕ್ಕೆ ತುಸು ಹೆಚ್ಚು ಚಾಚಿಕೊಂಡಿರುತ್ತವೆ, ಆದ್ದರಿಂದ ಆವಿ ಅವಕ್ಕೇ ಮೊದಲು ಸಿಗುತ್ತದೆ. ಸಿಕ್ಕಿದ ಮೂಲೆ ಇನ್ನಷ್ಟು ಚಾಚುತ್ತದೆ, ಚಾಚಿದ್ದಕ್ಕೆ ಇನ್ನಷ್ಟು ಸಿಗುತ್ತದೆ. ಮೂಲೆ ಕೈಯಾಗುವುದು, ಕೈ ಕವಲೊಡೆಯುವುದು ಎಲ್ಲ ಹೀಗೆ. ಇಡೀ ಹರಳು ಕೆಲವೇ ಮಿಲಿಮೀಟರು. ಮೋಡದಲ್ಲಿ ಅದು ಅಲೆಯುವಾಗ ಚಳಿ ಏರಿದರೂ ಆವಿ ಹೆಚ್ಚಿದರೂ ಆರು ಕೈಗಳಿಗೂ ಒಟ್ಟಿಗೇ ತಟ್ಟುತ್ತದೆ. ಆರೂ ಒಟ್ಟಿಗೇ ಕವಲೊಡೆಯುತ್ತವೆ.

"ಒಂದು ಕಡೆಗೆ ಮಾತ್ರ ಆವಿ ಹೆಚ್ಚು ಸಿಕ್ಕರೆ?"

ಈ ಹುಡುಗಿಗೆ ಯಾರು ಪಾಠ ಹೇಳುತ್ತಾರೋ, ಅವರಿಗೆ ನಮಸ್ಕಾರ. ಹೆಚ್ಚು ಸಿಕ್ಕರೆ ಸೊಟ್ಟಗಾಗುತ್ತದೆ, ಮತ್ತು ಬೀಳುವ ಹರಳುಗಳಲ್ಲಿ ಬಹುಪಾಲು ಸೊಟ್ಟವೇ. ಅಮೆರಿಕದ ವರ್ಮಾಂಟ್‌ನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಒಂಟಿ ಹರಳನ್ನು ಸೂಕ್ಷ್ಮದರ್ಶಕದ ಮೂಲಕ ಕ್ಯಾಮೆರಾದಲ್ಲಿ ಹಿಡಿದ. ಜೀವಮಾನದಲ್ಲಿ ಐದು ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದ. ಚೆಂದದವನ್ನೇ ಆರಿಸಿ ತೆಗೆದ. ಆ ಮನುಷ್ಯನ ಮೇಲೆ ನನಗೆ ಅಪಾರ ಪ್ರೀತಿ, ಆದರೆ ಹಿಮವೆಂದರೆ ಲೋಪವಿಲ್ಲದ ನಕ್ಷತ್ರ ಎಂಬ ನಮ್ಮ ಭ್ರಮೆಯಲ್ಲಿ ಅವನ ಪಾಲು ದೊಡ್ಡದು. (ಶುಭಾಶಯ ಪತ್ರಗಳ ಮೇಲೆ ಎಂಟು ಕೈಯ ಹರಳು ಬರೆಯುವವರನ್ನು ಮಾತ್ರ ಕ್ಷಮಿಸಲಾರೆ.)

"ಹೇಗೆ ಗೊತ್ತಾಯಿತು" ಎಂಬ ಆ ಮಾತು ಮತ್ತೆ ಮತ್ತೆ ಕಾಡುವುದು ಬೇರೆ ಕಾರಣಕ್ಕೆ. ಆರು ಒಂದೇ ರೀತಿ ಕಂಡರೆ ಸಾಕು, ಹೇಳಿಕೊಟ್ಟವರು ಯಾರು ಎಂದು ನಾವು ಹುಡುಕುತ್ತೇವೆ. ಕಚೇರಿಯಲ್ಲಿ ಆರು ಜನ ಒಂದೇ ದೂರು ತಂದರೆ ಮೇಲಿನವರ ಮೊದಲ ಪ್ರಶ್ನೆ, "ಇವರನ್ನು ಎತ್ತಿಕಟ್ಟಿದವರು ಯಾರು?" ಎತ್ತಿಕಟ್ಟಿದವನೊಬ್ಬ ಸಿಕ್ಕಿಬಿಟ್ಟರೆ ಎಲ್ಲರಿಗೂ ನಿರಾಳ. ಆರೂ ಜನ ಉಸಿರಾಡುತ್ತಿರುವುದು ಒಂದೇ ಕೋಣೆಯ ಗಾಳಿಯನ್ನು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಹೊಳೆದರೆ ಕೋಣೆಯನ್ನು ಸರಿಪಡಿಸಬೇಕಾಗುತ್ತದೆ.

ಜಪಾನಿನ ಉಕಿಚಿರೊ ನಕಾಯಾ ನೋಡಿದ್ದು ಕೋಣೆಯನ್ನೇ. ಹೊಕ್ಕೈಡೊ ವಿಶ್ವವಿದ್ಯಾಲಯದ ಶೀತಲ ಪ್ರಯೋಗಾಲಯದಲ್ಲಿ 1936ರಲ್ಲಿ ಆತ ಮೊಲದ ಕೂದಲೊಂದರ ಮೇಲೆ ಹಿಮಹರಳನ್ನು ಬೆಳೆಸಿದ. ಚಳಿಯನ್ನೂ ಆವಿಯನ್ನೂ ಬದಲಿಸುತ್ತ ಯಾವುದಕ್ಕೆ ಯಾವ ಆಕಾರ ಎಂದು ಪಟ್ಟಿ ಮಾಡಿದ. ಮೈನಸ್ 2 ಡಿಗ್ರಿಯ ಆಸುಪಾಸಿನಲ್ಲಿ ತೆಳು ಬಿಲ್ಲೆ, ಮೈನಸ್ 5ರಲ್ಲಿ ದಿಂಡು ಮತ್ತು ಸೂಜಿ, ಮೈನಸ್ 15ರಲ್ಲಿ ಮತ್ತೆ ಬಿಲ್ಲೆ. ಆವಿ ಹೇರಳವಾಗಿದ್ದರೆ ಕವಲು ಕವಲಾದ ನಕ್ಷತ್ರ. ಹೀಗೆ ಬಿಲ್ಲೆ, ದಿಂಡು, ಮತ್ತೆ ಬಿಲ್ಲೆ ಎಂದು ಏಕೆ ಮಗುಚುತ್ತದೆ ಎಂಬುದರ ಬಗ್ಗೆ ವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ.

ಇಲ್ಲಿಗೆ ಭಾವ ಪತ್ರಿಕೆ ಮಡಚಿದರು. "ನೋಡು, ಕೊನೆಗೆ ನಾನು ಹೇಳಿದಲ್ಲಿಗೇ ಬಂದೆ."

ಬರಲಿಲ್ಲ ಭಾವ. ನಿಮ್ಮ ಉತ್ತರ ನಕಾಯಾನಿಗೆ ಸಾಕಾಗಿದ್ದರೆ ಅವನು ಮೊಲದ ಕೂದಲು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಎದುರಿಗೆ ಇದನ್ನು ಹೇಳಲಿಲ್ಲ, ಅಕ್ಕ ಕಣ್ಣು ಬಿಟ್ಟಳು.

ಅಷ್ಟರಲ್ಲಿ ಹುಡುಗಿ ಬೇರೊಂದು ಚಿತ್ರ ತೆಗೆದಿದ್ದಳು. ಒಂದು ಮೋಟು ದಿಂಡು, ಅದರ ಎರಡೂ ತುದಿಗೆ ಒಂದೊಂದು ಷಟ್ಕೋನದ ಬಿಲ್ಲೆ. ಸ್ವಲ್ಪ ಹೊತ್ತು ನೋಡಿ, "ಇದು ಮೈನಸ್ ಐದರಲ್ಲಿ ಬೆಳೆದು, ಆಮೇಲೆ ಮೈನಸ್ ಹದಿನೈದರ ಕಡೆಗೆ ಹೋಗಿದೆ ಅಲ್ಲವಾ ಮಾಮ?" ಎಂದಳು. ಭಾವ ಕನ್ನಡಕ ಸರಿಮಾಡಿಕೊಂಡು ಮೊಬೈಲಿಗೆ ಕೈ ಚಾಚಿದರು.