ಕೊಟ್ಟಿಗೆಯ ಹಿಂದಿನ ಬೀಟೆ

ಹೋದ ಆಷಾಢದ ಗಾಳಿಗೆ ಕೊಟ್ಟಿಗೆಯ ಹಿಂದಿನ ಬೀಟೆ ಮರ ವಾಲಿತು. ವಾಲಿದ್ದು ಕೊಟ್ಟಿಗೆಯ ಕಡೆಗೇ. ಬುಡದ ಮೇಲ್ಬದಿಯಲ್ಲಿ ಮಣ್ಣು ಬಿರಿದಿತ್ತು. ಕೈ ಇಳಿಸಿದರೆ ಮೊಣಕೈವರೆಗೂ ಹೋಯಿತು. ಅಮ್ಮ ಅಂದೇ ಎರಡೂ ಹಸುಗಳನ್ನು ಬಿಚ್ಚಿ ತಂದು ಅಡಿಕೆ ಸುಲಿಯುವ ಚಪ್ಪರದಡಿ ಕಟ್ಟಿದಳು. ನಾನು ಮರ ಕಡಿಯುವವನಿಗೆ ಫೋನ್ ಮಾಡಿದೆ. "ಯಾವ ಮರ?" ಎಂದ. "ಬೀಟೆ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಮೊದಲು ಕಾಗದ ಮಾಡಿಸಿ, ಆಮೇಲೆ ನನ್ನನ್ನು ಕರೆಯಿರಿ" ಎಂದು ಇಟ್ಟೇಬಿಟ್ಟ.

ಇದೇ ಮನುಷ್ಯ ಆ ವರ್ಷದ ಬೇಸಿಗೆಯಲ್ಲಿ ನಮ್ಮ ಬೇಲಿಯಂಚಿನ ಹನ್ನೊಂದು ಸಿಲ್ವರ್ ಓಕ್‌ಗಳನ್ನು ಒಂದೇ ದಿನದಲ್ಲಿ ಉರುಳಿಸಿದ್ದ. ಆಗ ಯಾರನ್ನೂ ಕೇಳಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರ ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ತೆಂಗು, ಅಡಿಕೆ, ರಬ್ಬರ್, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಆಸ್ಟ್ರೇಲಿಯಾದಿಂದ ಬಂದ ಮರಕ್ಕೆ ಹೇಳುವವರು ಕೇಳುವವರು ಇಲ್ಲ. ಇಲ್ಲೇ ಹುಟ್ಟಿದ ಬೀಟೆಗೆ ಮಾತ್ರ ಕಟ್ಟುಗಟ್ಟಲೆ ಕಾಗದ.

ಆ ಕಾಗದಗಳನ್ನು ಹೊಂದಿಸಿದೆ. ಪಹಣಿ, ಸರ್ವೆ ನಕ್ಷೆ, ವಾಲಿದ ಮರದ ಫೋಟೋ, ಜೊತೆಗೆ ಒಂದು ಅರ್ಜಿ. ಜೀವಕ್ಕೆ, ಆಸ್ತಿಗೆ ಅಪಾಯವಿದ್ದರೆ ಕಡಿಯಲು ಅನುಮತಿ ಕೊಡುವುದಕ್ಕೆ ಕಾಯ್ದೆಯಲ್ಲೇ ಅವಕಾಶವಿದೆ ಎಂದು ಯಾರೋ ಹೇಳಿದ್ದರಿಂದ "ಅಪಾಯ" ಎಂಬ ಪದವನ್ನು ಅರ್ಜಿಯಲ್ಲಿ ಮೂರು ಕಡೆ ಬರೆದಿದ್ದೆ. ಏಳನೇ ವಾರದಲ್ಲಿ ಸ್ಥಳ ಪರಿಶೀಲನೆಗೆ ಬಂದರು. ಒಬ್ಬ ಫಾರೆಸ್ಟರ್, ಒಬ್ಬ ಗಾರ್ಡ್, ಒಂದು ಬೈಕು.

ಫಾರೆಸ್ಟರ್ ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಮೊದಲು ಇಳಿಜಾರಿನ ಮೇಲ್ಬದಿಯಲ್ಲಿ ನಿಂತು ನೆಲದಿಂದ ನಾಲ್ಕೂವರೆ ಅಡಿ ಎತ್ತರಕ್ಕೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದರು. ಗಾರ್ಡ್ ಟೇಪ್ ಹಿಡಿದು ಮರ ಸುತ್ತಿದ. ಮರ ಇಳಿಜಾರಿನ ಅಂಚಿನಲ್ಲಿದ್ದುದರಿಂದ ಆಚೆ ಬದಿಯಲ್ಲಿ ಅವನ ಕಾಲು ಎರಡು ಸಲ ಜಾರಿತು. "ಎರಡು ಮೀಟರ್ ನಲವತ್ತು." ಫಾರೆಸ್ಟರ್ ಬರೆದುಕೊಂಡರು. ತೊಗಟೆಯ ಮೇಲೆ ಅಂಗೈ ಇಟ್ಟು ಮೇಲೆ ನೋಡಿದರು, ಬಿರುಕನ್ನೂ ನೋಡಿದರು. "ಅಪಾಯವೇನೋ ಹೌದು" ಎಂದರು. ನನಗೆ ಅರ್ಧ ಗೆದ್ದ ಹಾಗಾಯಿತು. ಅಷ್ಟರಲ್ಲಿ ಕೇಳಿದರು: "ಈ ಜಮೀನು ಮಾಲ್ಕಿಯೋ, ಮಂಜೂರಾತಿಯೋ?" ಮೊದಲಿನಿಂದ ಸ್ವಂತದ್ದೋ, ಸರ್ಕಾರ ಕೊಟ್ಟದ್ದೋ ಎಂದು.

ಒಳಗೆ ಹೋಗಿ ಟ್ರಂಕಿನಿಂದ ಅಜ್ಜನ ಸಾಗುವಳಿ ಚೀಟಿ ತಂದೆ. ಮಡಿಕೆಯಲ್ಲಿ ಹರಿದ, ಜಿರಲೆ ತಿಂದ ಕಾಗದ. 1962ರಲ್ಲಿ ಸರ್ಕಾರದಿಂದ ದರಖಾಸ್ತಿನಲ್ಲಿ ಸಿಕ್ಕಿದ ಎರಡೂಕಾಲು ಎಕರೆ. ಫಾರೆಸ್ಟರ್ ಅದನ್ನು ಬೆಳಕಿಗೆ ಹಿಡಿದು ಓದಿದರು, ಮತ್ತೊಮ್ಮೆ ಮರ ನೋಡಿದರು.

"ಇಷ್ಟು ದಪ್ಪದ ಬೀಟೆ ಅರವತ್ತು ವರ್ಷದ್ದಲ್ಲ. ಮಂಜೂರಾದಾಗಲೇ ಇಲ್ಲಿ ನಿಂತಿತ್ತು. ಮರಮಾಲ್ಕಿ ಕಟ್ಟಿದ ರಸೀದಿ ಇದೆಯೇ?"

ಇರಲಿಲ್ಲ. ಅಜ್ಜ ಕಂದಾಯದ ರಸೀದಿಯನ್ನೂ ಹೊಗೆಸೊಪ್ಪಿನ ಜೊತೆ ಸುತ್ತಿಡುತ್ತಿದ್ದ ಮನುಷ್ಯ. ಮಂಜೂರು ಮಾಡುವಾಗ ನೆಲ ಕೊಟ್ಟರೂ ಅದರ ಮೇಲೆ ನಿಂತ ಮರದ ಬೆಲೆಯನ್ನು ಮರಮಾಲ್ಕಿ ಎಂದು ಬೇರೆಯಾಗಿ ಕಟ್ಟಬೇಕು, ಅದರಲ್ಲೂ ಬೀಟೆ, ತೇಗದಂಥವನ್ನು ಸರ್ಕಾರ ತನಗೇ ಇಟ್ಟುಕೊಳ್ಳುತ್ತದೆ ಎಂದು ನನಗೆ ತಿಳಿದದ್ದೇ ಆವತ್ತು. ಮೂರು ತಲೆಮಾರು ಅದರ ನೆರಳಿನಲ್ಲಿ ಗೊಬ್ಬರದ ಗುಂಡಿ ತೋಡಿದ್ದೇವೆ, ಅದಕ್ಕೆ ಹಗ್ಗ ಕಟ್ಟಿ ಜೋಕಾಲಿ ಆಡಿದ್ದೇವೆ. ನೆಲ ನನ್ನದು, ಕೊಟ್ಟಿಗೆ ನನ್ನದು, ಬೀಳುವ ಮರ ಮಾತ್ರ ಸರ್ಕಾರದ್ದು. ಕಡಿಸಿದರೂ ದಿಮ್ಮಿ ಸರ್ಕಾರಿ ಡಿಪೋಗೆ ಹೋಗುತ್ತದೆ ಎಂದರು. ಹೋಗಲಿ, ನನಗೇನು ದಿಮ್ಮಿಯ ಆಸೆಯಿಲ್ಲ ಎಂದೆ. ಪೂರ್ತಿ ನಿಜವಲ್ಲ. ಬೀಟೆಯ ಬಾಗಿಲು ಮಾಡಿಸಬೇಕೆಂದು ಅಪ್ಪ ಬಹಳ ವರ್ಷ ಹೇಳುತ್ತಿದ್ದ.

ಅಮ್ಮ ಕಾಫಿ ತಂದಳು. ಕುಡಿಯುತ್ತಾ ಫಾರೆಸ್ಟರ್ ಸ್ವಲ್ಪ ಸಡಿಲವಾದರು. ಗಂಧದ ಕತೆಯೂ ಹೀಗೇ ಇತ್ತು, 2001ರ ತಿದ್ದುಪಡಿ ಬರುವವರೆಗೆ ಹಿತ್ತಲಲ್ಲಿ ತಾನಾಗಿ ಹುಟ್ಟಿದ ಗಂಧವೂ ಸರ್ಕಾರದ್ದೇ ಎಂದರು. "ಅದಕ್ಕೇ ಜನ ಸಸಿಯಿದ್ದಾಗಲೇ ಕಿತ್ತು ಬಿಸಾಡುತ್ತಿದ್ದರು. ಬೀಟೆಯನ್ನೂ ಕೀಳುತ್ತಾರೆ, ನಮಗೇನು ಗೊತ್ತಾಗುವುದಿಲ್ಲವೇ?" ಎಂದು ನನ್ನನ್ನೇ ನೋಡಿದರು. ನಾನು ಲೋಟದ ತಳ ನೋಡಿದೆ. ನಮ್ಮ ಅಪ್ಪನೂ ಕೀಳುತ್ತಿದ್ದ. ಕಳೆ ಸವರುವಾಗ ಬೀಟೆಯ ಗುಂಡೆಲೆ ಕಂಡರೆ ಕತ್ತಿ ತಾನಾಗಿ ಅತ್ತ ತಿರುಗುತ್ತಿತ್ತು. ಆ ಕತ್ತಿ ನನ್ನ ಕೈಯಲ್ಲೂ ಹಾಗೇ ತಿರುಗಿದೆ.

ಬೀಟೆಗೆ ಬೇರಿನಿಂದಲೂ ಕುಡಿ ಏಳುತ್ತದೆ. ಬುಡದಿಂದ ಹತ್ತಡಿ ದೂರದಲ್ಲಿ ಅಂಥ ನಾಲ್ಕು ಗಿಡಗಳು ಮೊಣಕಾಲೆತ್ತರಕ್ಕೆ ಬಂದಿದ್ದವು. ಅವನ್ನು ತೋರಿಸಿ ಕೇಳಿದೆ: "ಇವು 1962ರ ನಂತರ ಹುಟ್ಟಿದವು. ಇವು ಯಾರವು?"

ಫಾರೆಸ್ಟರ್ ಮೊದಲ ಬಾರಿಗೆ ನಕ್ಕರು. "ಇವು ನಿಮ್ಮವೇ. ಬೆಳೆಸಿ. ಕಡಿಯುವಾಗ ಮಾತ್ರ ನಮ್ಮನ್ನು ಕೇಳಿ."

ಮಹಜರಿಗೆ ಸಹಿ ಹಾಕಿಸಿಕೊಂಡು ಹೋದರು. ಕಡತ ಮೇಲಿನ ಕಚೇರಿಗೆ ಹೋಗಿದೆ, ಅಲ್ಲಿಂದ ಅದಕ್ಕೂ ಮೇಲಕ್ಕೆ ಹೋಗಬೇಕಂತೆ. ಹಸುಗಳಿಗೆ ಚಪ್ಪರವೇ ಅಭ್ಯಾಸವಾಗಿದೆ. ಮರಕ್ಕೆ ಎದುರು ಬದಿಯಿಂದ ಕಬ್ಬಿಣದ ಹಗ್ಗ ಬಿಗಿದಿದ್ದೇನೆ, ಸರ್ಕಾರದ ಮರಕ್ಕೆ ನನ್ನ ಖರ್ಚಿನಲ್ಲಿ.

ಹೋದ ವಾರ ಕಳೆ ಹೊಡೆಯಲು ಆಳು ಬಂದಿದ್ದ. ಕೊಟ್ಟಿಗೆಯ ಹಿಂದೆ ಆ ನಾಲ್ಕು ಗಿಡಗಳನ್ನು ಉಳಿಸು ಎಂದು ಹೇಳಬೇಕೆಂದುಕೊಂಡೇ ಅವನಿಗೆ ಕಾಫಿ ತರಲು ಒಳಗೆ ಹೋದೆ. ಹೊರಬರುವಷ್ಟರಲ್ಲಿ ಯಂತ್ರ ನಿಂತಿತ್ತು, ನೆಲ ಬೋಳಾಗಿತ್ತು.

"ಬೀಟೆ ಗಿಡ ಇದ್ದವಲ್ಲ?" ಎಂದೆ.

"ಇದ್ದವು" ಎಂದ ಅವನು, ಲೋಟಕ್ಕೆ ಕೈ ಚಾಚುತ್ತಾ. "ಹೋದ ವರ್ಷ ನೀವೇ ತೋರಿಸಿ ತೆಗೆಸಿದ್ದಿರಲ್ಲ, ನೆನಪಿಟ್ಟುಕೊಂಡಿದ್ದೆ."