ಕೆಂಪು ಶಾಯಿಯ ಎರಡು ಕಂಸ

ಇತಿಹಾಸದ ಸರ್ ತೀರಿಕೊಂಡ ಸುದ್ದಿ ಬಂದ ರಾತ್ರಿ ಟ್ರಂಕಿನ ತಳದಿಂದ ಆ ಕಾಗದ ತೆಗೆದೆ. ಕರಿ ಮಸಿ, ಬಿಳಿ ಅಕ್ಷರ. ನಡುವೆ ಸರ್ ಕೆಂಪು ಶಾಯಿಯಲ್ಲಿ ಹಾಕಿದ ಎರಡು ಕಂಸ.

ಆಗ ನಾವು ಒಂಬತ್ತನೇ ಕ್ಲಾಸು, ಊರು ಇನ್ನೂ ಗುಲ್ಬರ್ಗ. ಸರ್ ನಮ್ಮನ್ನು ಚಿತ್ತಾಪುರದ ಹತ್ತಿರದ ನಾಗಾವಿಗೆ ಕರೆದೊಯ್ದಿದ್ದರು. ಅಲ್ಲಿನ ಘಟಿಕಾಸ್ಥಾನದಲ್ಲಿ, ಅಂದರೆ ಆ ಕಾಲದ ದೊಡ್ಡ ವಿದ್ಯಾಕೇಂದ್ರದಲ್ಲಿ, ಪುಸ್ತಕ ಕಾಯಲೆಂದೇ 6 ಜನ ಸರಸ್ವತೀ ಭಂಡಾರಿಗರಿದ್ದರು ಅಂತ 1058ರ ಶಾಸನ ಹೇಳುತ್ತದೆ. ಬರುವಾಗ ಹೊಲದ ಬದುವಿನಲ್ಲಿ ಒಡೆದ ಶಾಸನದ ಕಲ್ಲೊಂದು ಸಿಕ್ಕಿತು. ಸರ್ ಅದನ್ನು ತೊಳೆದರು. ಒದ್ದೆ ಕಾಗದ ಹಾಸಿ ಬ್ರಷ್‌ನಿಂದ ಮೆಲ್ಲಗೆ ಬಡಿದರು. ಆಮೇಲೆ ಮಸಿ ಒತ್ತಿದರು. ಅಕ್ಷರಗಳು ಒಂದೊಂದೇ ಬೆಳ್ಳಗೆ ಎದ್ದು ಬಂದವು. ದಾನ ಕೊಟ್ಟವನ ಹೆಸರಿದ್ದ ಜಾಗ ಮಾತ್ರ ಸವೆದುಹೋಗಿತ್ತು.

ಮರುದಿನ ನಾನು ಕಾಗದದ ಆ ಖಾಲಿ ಜಾಗದಲ್ಲಿ ಸೀಮೆಸುಣ್ಣದಿಂದ ನಮ್ಮಜ್ಜನ ಹೆಸರು ಬರೆದೆ, ಹಳೆಯ ಲಿಪಿಯಲ್ಲೇ. ಆ ಲಿಪಿ ಕ್ಲಾಸಿನಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ. ಏಟು ಬೀಳುತ್ತೆ ಅಂದುಕೊಂಡಿದ್ದೆ. ಸರ್ ಪೆನ್ನು ತೆಗೆದು ಹೆಸರಿನ ಎರಡೂ ಕಡೆ ಕಂಸ ಹಾಕಿದರು. "ಊಹೆ ಮಾಡು, ತಪ್ಪಿಲ್ಲ. ಆದ್ರ ಕಲ್ಲು ಹೇಳಿದ್ದು ಯಾವುದು, ನೀ ಹೇಳಿದ್ದು ಯಾವುದು, ಗೊತ್ತಾಗಬೇಕಲ್ಲ?" ಅಂದು ಕಾಗದವನ್ನು ನನಗೇ ಕೊಟ್ಟರು.

ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಸಾಫ್ಟ್‌ವೇರ್ ಬರೆದಿದ್ದೇನೆ. ನನಗೆ ಒಳ್ಳೆಯ ಹೆಸರೂ ಇದೆ. ಅದರ ಬೇರು ಆ ಕಂಸದಲ್ಲಿದೆ.

ಹೋದ ತಿಂಗಳು ಅದೇ ಶಾಲೆಯ ಮಕ್ಕಳಿಗೆ ಕೃತಕ ಬುದ್ಧಿಮತ್ತೆ ಹಳೆಯ ಬರಹ ಓದುವ ಬಗೆ ತೋರಿಸಿದೆ. ಗ್ರೀಕ್ ಶಾಸನಗಳಲ್ಲಿ ಅಳಿಸಿಹೋದ ಅಕ್ಷರ ತುಂಬುವ 'ಇಥಾಕಾ' 2022ರಲ್ಲಿ ಬಂತು. ಪರೀಕ್ಷೆಯಲ್ಲಿ ಇತಿಹಾಸಕಾರರು ತಾವೇ ತುಂಬಿದಾಗ ಸರಿಯಾದದ್ದು ಶೇ. 25. ಇಥಾಕಾ ಒಂದೇ ಮಾಡಿದಾಗ ಶೇ. 62. ಇಬ್ಬರೂ ಸೇರಿದಾಗ ಶೇ. 72. ಈ ಮೂರನೇ ಅಂಕಿಯನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ.

ಈಗ ಇತಿಹಾಸದ ಪೀರಿಯಡ್ ಅಂದರೆ ಪ್ರಶ್ನೋತ್ತರದ ಗೈಡು. ಪ್ರವಾಸ ಅಂದರೆ ವಾಟರ್ ಪಾರ್ಕು. ಸನ್ನತಿಯ ಅಶೋಕನ ಶಾಸನ ನಮ್ಮ ಜಿಲ್ಲೆಯಲ್ಲೇ ಇದೆ, ಅಲ್ವಾ? ನೋಡಿದವರು ಕೈ ಎತ್ತಿ ಅಂದೆ. ಮೂರೇ ಕೈ. ಬೇಜಾರಾಯಿತು.

ಕೊನೆಗೆ ನನ್ನ ಕಾಗದ ತೋರಿಸಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಸರ್, ಕಂಪ್ಯೂಟರ್ ಕಂಸ ಹಾಕ್ತದೇನ್ರಿ?" ಅಂದಳು. ಅದು ಒಂದೇ ಉತ್ತರ ಕೊಡೋದಿಲ್ಲ, ಹಲವು ಊಹೆ ಕೊಟ್ಟು ಯಾವುದು ಎಷ್ಟು ನಂಬಬಹುದು ಅಂತಲೂ ಹೇಳುತ್ತೆ, ಆರಿಸಿ ಕಂಸ ಹಾಕೋದು ನಮ್ಮ ಕೆಲಸ ಅಂದೆ. ಅವಳು ಕಾಗದ ಇಸ್ಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ನಮ್ಮಜ್ಜನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು.