60 ರೂಪಾಯಿಯ ಗಾಳ

ತಿಂಗಳ ಕೊನೆಯ ಭಾನುವಾರ ಜೇಬು ಬರಿದಾಗಿದ್ದರೂ ನಾನು ಬಿಡದೆ ಉಳಿಸಿಕೊಂಡಿರುವ ಹವ್ಯಾಸವೆಂದರೆ, ದಾವಣಗೆರೆಯಿಂದ ಬಸ್ಸು ಹಿಡಿದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ, ಅಂದರೆ ಶಾಂತಿಸಾಗರಕ್ಕೆ, ಹೋಗಿ ದಂಡೆಯಲ್ಲಿ ಗಾಳ ಹಾಕಿ ಕೂರುವುದು. ಕೆರೆಯ ಮೀನಿನ ಹಕ್ಕು ಬೇರೆಯವರದಾಗಿರುವುದರಿಂದ, ಅಲ್ಲಿನ ಮೀನುಗಾರರನ್ನು ಒಂದು ಮಾತು ಕೇಳಿಯೇ ಕೂರುತ್ತೇನೆ.

ಗೆಳೆಯರೊಬ್ಬರು ಸಾವಿರಾರು ರೂಪಾಯಿ ಕೊಟ್ಟು ರೀಲು ಸಹಿತವಾದ ಕೋಲು ತರಿಸಿದ್ದಾರೆ. ನನ್ನದು ಹಿತ್ತಲಿನ ಬಿದಿರು. ನೈಲಾನ್ ದಾರ, ನಾಲ್ಕು ಗಾಳ, ಚೂರು ಸೀಸ ಎಲ್ಲ ಸೇರಿ 60 ರೂಪಾಯಿ ಆಯಿತು. ತೇಲಿಸಲು ಜೋಳದ ದಂಟಿನ ಬೆಂಡನ್ನೇ ಕಟ್ಟುತ್ತೇನೆ. ಅದು ಬಹಳ ಹಗುರವಾದ್ದರಿಂದ ಮೀನು ಮೂಸಿದರೂ ಅಲುಗುತ್ತದೆ, ಆದರೆ ಮೇಣ ಸವರದಿದ್ದರೆ ಗಂಟೆಯೊಳಗೆ ನೀರು ಕುಡಿದು ತಾನೇ ಮುಳುಗಿ, ದೊಡ್ಡ ಮೀನು ಸಿಕ್ಕಿತೆಂಬ ಸುಳ್ಳು ಸಂತೋಷವನ್ನು ಕೊಡುತ್ತದೆ. ಎರೆಹುಳು ಸಿಗದ ದಿನ ರಾತ್ರಿ ಉಳಿದ ರಾಗಿಮುದ್ದೆಯೇ ಎರೆ. ಜಿಲೇಬಿ ಮೀನಿನ ಬಾಯಿ ಚಿಕ್ಕದು. ದೊಡ್ಡ ಗಾಳ ಕಟ್ಟಿದರೆ ಅದು ಮುದ್ದೆಯನ್ನಷ್ಟೇ ಕಿತ್ತು ತಿಂದು ಹೋಗುತ್ತದೆ. ಇದನ್ನು ಕಲಿಯಲು ನನಗೆ ಎರಡು ಭಾನುವಾರ ಬೇಕಾದವು.

ಇಂದು ನಾಲ್ಕು ಗಂಟೆ ಕಾದದ್ದಕ್ಕೆ ಅಂಗೈಯಗಲದ ಎರಡು ಮೀನು ಸಿಕ್ಕವು. ಬಸ್ಸಿನ ದರವನ್ನು ಲೆಕ್ಕ ಹಾಕಿದರೆ ಸಂತೆಯ ಮೀನೇ ಅಗ್ಗ ಎಂದು ಮನೆಯವರು ಹೇಳಿದರು. ಆ ಲೆಕ್ಕ ಸರಿಯೇ ಇದೆ. ಆದರೆ ಬೆಂಡು ಸರಕ್ಕನೆ ಒಳಗೆ ಜಾರಿದ ಆ ಕ್ಷಣವನ್ನು ಅವರು ಅದರಲ್ಲಿ ಸೇರಿಸಿರಲಿಲ್ಲ.